ಹಳೆಯ ಪದ್ಮಿನಿ ಕಾರಿನ ಒಳಭಾಗ: ತೇವದಿಂದ ಕೆಟ್ಟ ಡೋರ್ ಪ್ಯಾಡ್, ಬಿರಿದ ಸ್ಟಿಯರಿಂಗ್ ಮತ್ತು ಡ್ಯಾಶ್‌ಬೋರ್ಡ್ ಸರಿಪಡಿಸುವ ಬಗೆ

ಅಘನಾಶಿನಿ ತೀರ (ಕುಮಟಾ) ಕೇಳಿದ್ದು:

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ 1986ನೇ ಇಸವಿಯ ಪ್ರೀಮಿಯರ್ ಪದ್ಮಿನಿ ಕಾರೊಂದು ಇದೆ. ಎಂಜಿನ್, ಬ್ರೇಕ್ ಮತ್ತು ವೈರಿಂಗ್ ಕೆಲಸಗಳೆಲ್ಲ ಮುಗಿದಿವೆ. ತಗಡಿನ ಕೆಲಸವೂ ಬಣ್ಣವೂ ಕಳೆದ ಬೇಸಿಗೆಯಲ್ಲಿ ಆದವು. ಈಗ ಉಳಿದಿರುವುದು ಒಳಭಾಗ ಮಾತ್ರ. ಹೊರಗಿನಿಂದ ನೋಡಿ ಮೆಚ್ಚಿದವರು ಬಾಗಿಲು ತೆರೆದ ಕೂಡಲೇ ಸುಮ್ಮನಾಗಿಬಿಡುತ್ತಾರೆ. ಒಳಗಿನ ಸ್ಥಿತಿ ಅಷ್ಟು ಕೆಟ್ಟಿದೆ.

ನಾಲ್ಕೂ ಡೋರ್ ಪ್ಯಾಡುಗಳು, ಅಂದರೆ ಬಾಗಿಲಿನ ಒಳಮೈಗೆ ಕೂರಿಸುವ ಹಲಗೆಗಳು, ಹಾರ್ಡ್‌ಬೋರ್ಡಿನ ಮೇಲೆ ರೆಕ್ಸಿನ್ ಹೊದಿಸಿ ಮಾಡಿದಂಥವು. ಅವುಗಳ ಕೆಳಅಂಚು ಹೆಚ್ಚುಕಡಿಮೆ ಗೇಣಿನಷ್ಟು ಎತ್ತರದವರೆಗೆ ನೀರು ಕುಡಿದು ಉಬ್ಬಿ, ಪದರ ಪದರವಾಗಿ ಬಿಚ್ಚಿಕೊಂಡಿದೆ. ಕ್ಲಿಪ್ಪುಗಳು ಕೂರುವ ತೂತುಗಳು ಹರಿದುಹೋಗಿರುವುದರಿಂದ ಪ್ಯಾಡು ಬಾಗಿಲಿಗೆ ಅಂಟಿ ನಿಲ್ಲದೆ, ಕಾರು ಓಡುವಾಗ ಬಡಿದುಕೊಳ್ಳುತ್ತದೆ. ಆದರೆ ಮೇಲಿನ ರೆಕ್ಸಿನ್ ಎಲ್ಲಿಯೂ ಹರಿದಿಲ್ಲ. ಅದರ ಮೇಲಿನ ಒತ್ತುಗೆರೆಗಳೂ ಮೂಲದ ಮಣ್ಣುಬಣ್ಣವೂ ಹಾಗೆಯೇ ಉಳಿದಿವೆ, ಅಂಥ ರೆಕ್ಸಿನ್ ಈಗ ಯಾವ ಅಂಗಡಿಯಲ್ಲಿಯೂ ಸಿಗುತ್ತಿಲ್ಲ.

ಸ್ಟಿಯರಿಂಗ್ ಚಕ್ರದ ಗಟ್ಟಿ ಪ್ಲಾಸ್ಟಿಕ್ಕು ಅಲ್ಲಲ್ಲಿ ಬಿರಿದಿದೆ. ಕಡ್ಡಿಗಳು ಸೇರುವ ಕಡೆಯ ಬಿರುಕುಗಳಲ್ಲಿ ತುಕ್ಕಿನ ಕಂದು ಬಣ್ಣ ಕಾಣುತ್ತಿದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹಿಂದೆ ಯಾರೋ ಸ್ಪಂಜು ಇಟ್ಟು ಕಪ್ಪು ರೆಕ್ಸಿನ್ ಹೊದಿಸಿದ್ದಾರೆ. ಅದು ಬಿಸಿಲಿಗೆ ಸೆಟೆದು, ಮುಂಗಾಜಿನ ಕಡೆಯ ಅಂಚಿನಲ್ಲಿ ಉದ್ದಕ್ಕೂ ಒಡೆದಿದೆ. ಒಳದೀಪದ ಪ್ಲಾಸ್ಟಿಕ್ ಚೌಕಟ್ಟು ಮುರಿದಿದೆ. ರೂಫ್ ಲೈನಿಂಗ್ ಹರಿದಿಲ್ಲವಾದರೂ ಬೂಷ್ಟಿನ ಕಪ್ಪು ಚುಕ್ಕೆಗಳು ತುಂಬಿವೆ.

ಇಲ್ಲಿಯ ಕುಶನ್ ಅಂಗಡಿಯವರು ಎಲ್ಲವನ್ನೂ ಕಿತ್ತುಹಾಕಿ ಹೊಸ ರೆಕ್ಸಿನ್ ಹೊಲಿಸಿಕೊಳ್ಳಿ ಎನ್ನುತ್ತಾರೆ. ಅವರ ಕೆಲಸ ಅಚ್ಚುಕಟ್ಟಾದದ್ದೇ. ಆದರೂ ಉಳಿಸಬಹುದಾದದ್ದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಯಾವುದನ್ನು ಉಳಿಸಬಹುದು, ಯಾವುದನ್ನು ಬಿಟ್ಟುಕೊಡಬೇಕು, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಬೈತಖೋಲ (ಕಾರವಾರ) ಉತ್ತರ:

ನಮಸ್ಕಾರ. ನಾನು ಮೀನುಗಾರಿಕೆ ದೋಣಿಗಳ ಮರ ಮತ್ತು ಫೈಬರ್ ಕೆಲಸ ಮಾಡುವವನು. ಹಳೆಯ ಕಾರುಗಳ ಒಳಭಾಗದ ಕೆಲಸವನ್ನೂ ಆಸಕ್ತಿಯಿಂದ ಮಾಡಿಕೊಂಡು ಬಂದಿದ್ದೇನೆ. ನಿಮ್ಮ ವಿವರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಸಂಗತಿ: ಪ್ಯಾಡುಗಳು ಕೆಳಗಿನಿಂದ ಉಬ್ಬಿವೆ, ರೆಕ್ಸಿನ್ ಮಾತ್ರ ಚೆನ್ನಾಗಿದೆ. ಅಂದರೆ ನೀರು ಬಂದದ್ದು ಹಿಂಬದಿಯಿಂದ, ಬಾಗಿಲಿನ ಒಳಗಿನಿಂದ. ಆ ನೀರಿನ ದಾರಿಯನ್ನು ಮೊದಲು ಸರಿಪಡಿಸದೆ ಎಷ್ಟೇ ಒಳ್ಳೆಯ ಪ್ಯಾಡು ಮಾಡಿಸಿದರೂ, ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದು ಹೆಚ್ಚು ಕಾಲ ಬಾಳಲಾರದು.

ಬಾಗಿಲಿನ ಗಾಜಿನ ಮೇಲೆ ಬಿದ್ದ ಮಳೆನೀರಿನಲ್ಲಿ ಒಂದಿಷ್ಟು ಬೀಡಿಂಗ್ (ಗಾಜಿನ ಬುಡದ ರಬ್ಬರ್ ಪಟ್ಟಿ) ದಾಟಿ ಬಾಗಿಲಿನೊಳಕ್ಕೆ ಇಳಿಯುವುದು ಸಹಜ. ಹೊಸ ಕಾರಿನಲ್ಲಿಯೂ ಇಳಿಯುತ್ತದೆ. ಅದು ತಗಡಿನ ಒಳಮೈಯಲ್ಲಿ ಜಾರಿ, ಬಾಗಿಲಿನ ಬುಡದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಒಳಗಿನ ತಗಡಿಗೂ ಡೋರ್ ಪ್ಯಾಡಿಗೂ ನಡುವೆ ಒಂದು ಪಾಲಿಥೀನ್ ಹಾಳೆ ಇರಬೇಕು. ಸಿಡಿದ ಹನಿಗಳು ಹಾರ್ಡ್‌ಬೋರ್ಡಿಗೆ ತಾಗದಂತೆ ತಡೆಯುವುದು ಅದೇ. ಹಳೆಯ ಕಾರುಗಳಲ್ಲಿ ಗಾಜು ಎತ್ತುವ ಯಂತ್ರವನ್ನೋ ಲಾಕನ್ನೋ ರಿಪೇರಿ ಮಾಡಿದವರು ಈ ಹಾಳೆಯನ್ನು ಹರಿದು ತೆಗೆದು, ಮತ್ತೆ ಹಾಕದೆ ಪ್ಯಾಡು ಕೂರಿಸಿರುತ್ತಾರೆ. ನಿಮ್ಮ ಕಾರಿನಲ್ಲಿಯೂ ಹಾಳೆ ಇಲ್ಲದಿರುವ ಸಾಧ್ಯತೆ ಹೆಚ್ಚು. ಇನ್ನೊಂದು ವಿಷಯವನ್ನು ತಪ್ಪದೆ ನೋಡಿ: ಕಳೆದ ಬೇಸಿಗೆಯಲ್ಲಷ್ಟೇ ತಗಡಿನ ಕೆಲಸ ಮತ್ತು ಬಣ್ಣ ಆಗಿದೆ ಎಂದಿದ್ದೀರಿ. ಹಾಗೆ ಕೆಲಸ ಮಾಡುವಾಗ ಬಾಗಿಲ ಬುಡದ ತೂತುಗಳು ಪುಟ್ಟಿಯಿಂದಲೋ ಸೀಲಂಟಿನಿಂದಲೋ ಮುಚ್ಚಿಹೋಗುವುದುಂಟು. ಪ್ಯಾಡು ತೆಗೆದು, ಗಾಜು ಏರಿಸಿ, ಹೊರಗಿನಿಂದ ಚೊಂಬಿನಲ್ಲಿ ನೀರು ಸುರಿಯುತ್ತ, ಮತ್ತೊಬ್ಬರು ಒಳಗಿನಿಂದ ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಪ್ಯಾಡು ತೆಗೆಯುವಾಗ ಅವಸರ ಮಾಡಬೇಡಿ. ಗಾಜಿನ ಹ್ಯಾಂಡಲಿನ ಹಿಂದಿರುವ ತಟ್ಟೆಯನ್ನು ಒಳಕ್ಕೆ ಒತ್ತಿ ಹಿಡಿದರೆ, ಅದನ್ನು ಹಿಡಿದಿರುವುದು ಪಿನ್ನೋ ಕ್ಲಿಪ್ಪೋ ಎಂಬುದು ಕಾಣುತ್ತದೆ. ಪಿನ್ ಆದರೆ ತೆಳುವಾದ ಪಂಚಿನಿಂದ ಆಚೆಗೆ ತಳ್ಳಬೇಕು. ಕ್ಲಿಪ್ ಆದರೆ ಬಟ್ಟೆಯ ಪಟ್ಟಿಯೊಂದನ್ನು ಹಿಂದೆ ತೂರಿಸಿ ಅತ್ತಿತ್ತ ಎಳೆದರೆ ಹೊರಗೆ ಜಿಗಿಯುತ್ತದೆ, ಅದು ಕಳೆದುಹೋಗದಂತೆ ಕೆಳಗೆ ಬಟ್ಟೆ ಹಾಸಿರಿ. ಪ್ಯಾಡನ್ನು ಅಂಚು ಹಿಡಿದು ಎಳೆಯಬಾರದು. ಅಗಲವಾದ ಪುಟ್ಟಿ ಚಾಕುವನ್ನು ಪ್ರತಿಯೊಂದು ಕ್ಲಿಪ್ಪಿನ ಪಕ್ಕಕ್ಕೇ ತೂರಿಸಿ ಎತ್ತಬೇಕು. ಉಬ್ಬಿದ ಹಾರ್ಡ್‌ಬೋರ್ಡಿಗೆ ಶಕ್ತಿಯೇ ಇರುವುದಿಲ್ಲ, ಸ್ವಲ್ಪ ದೂರದಲ್ಲಿ ಒತ್ತಿದರೂ ಕ್ಲಿಪ್ಪಿನ ಸುತ್ತ ಅದು ಕಿತ್ತುಬರುತ್ತದೆ.

ರೆಕ್ಸಿನ್ ಉಳಿಸುವುದು ಖಂಡಿತ ಸಾಧ್ಯ. ಬೋರ್ಡಿನ ಹಿಂದಕ್ಕೆ ಮಡಚಿ ಅಂಟಿಸಿರುವ ಅಂಚನ್ನು ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡುತ್ತ ನಿಧಾನವಾಗಿ ಬಿಡಿಸಿಕೊಳ್ಳಿ. ಮುಂಭಾಗದ ಒತ್ತುಗೆರೆಗಳು ರೆಕ್ಸಿನ್ನನ್ನೂ ಅದರ ಕೆಳಗಿನ ತೆಳು ಸ್ಪಂಜನ್ನೂ ಒಟ್ಟಿಗೆ ಬೆಸೆದಿರುತ್ತವೆ. ಆ ಎರಡನ್ನೂ ಒಂದರಿಂದೊಂದು ಬೇರ್ಪಡಿಸಲು ಹೋಗದೆ, ಎರಡೂ ಸೇರಿದ ಪದರವನ್ನೇ ಬೋರ್ಡಿನಿಂದ ಎಬ್ಬಿಸಬೇಕು. ಬೋರ್ಡಿನ ನಾರು ಅಲ್ಲಲ್ಲಿ ರೆಕ್ಸಿನ್ನಿಗೆ ಅಂಟಿಕೊಂಡೇ ಬಂದರೆ ಬರಲಿ. ಅದನ್ನು ನಂತರ ನೆನೆಸಿ ಕೆರೆದು ತೆಗೆಯಬಹುದು. ರೆಕ್ಸಿನ್ ಮಾತ್ರ ಹಿಗ್ಗಬಾರದು. ಒಮ್ಮೆ ಹಿಗ್ಗಿದ ಹಳೆಯ ರೆಕ್ಸಿನ್ ಹಿಂದಿನ ಅಳತೆಗೆ ಬರುವುದಿಲ್ಲ.

ಹೊಸ ಬೋರ್ಡಿನ ಅಳತೆಗೆ ಹಳೆಯದೇ ಮಾದರಿ. ಉಬ್ಬಿದ ಕೆಳಅಂಚಿನ ಅಳತೆ ನಂಬಿಕೆಗೆ ಅರ್ಹವಲ್ಲ, ಆದ್ದರಿಂದ ಎಡಬಲ ಬಾಗಿಲುಗಳ ಪ್ಯಾಡುಗಳನ್ನು ಒಂದಕ್ಕೊಂದು ಮಗುಚಿಟ್ಟು ನೋಡಿ, ಚೆನ್ನಾಗಿ ಉಳಿದಿರುವ ಭಾಗದಿಂದ ಮತ್ತೊಂದರ ಗೆರೆ ಎಳೆಯಿರಿ. ಎರಡೂ ಹಾಳಾಗಿರುವ ಕಡೆ ದಪ್ಪ ಕಾಗದವನ್ನು ಬಾಗಿಲಿಗೇ ಹಿಡಿದು, ತಗಡಿನ ತೂತುಗಳನ್ನು ಅದರ ಮೇಲೆ ಗುರುತಿಸಿಕೊಳ್ಳಬೇಕು.

ಈಗ ಯಾವ ಬೋರ್ಡು ಎಂಬ ಪ್ರಶ್ನೆ. ಮತ್ತೆ ಹಾರ್ಡ್‌ಬೋರ್ಡನ್ನೇ ಹಾಕಿದರೆ ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಕಾಣದ ಜಾಗದಲ್ಲಿ ಇರುವ ಬೋರ್ಡಿನ ವಿಷಯದಲ್ಲಿ ನಮ್ಮ ಹವೆಗೆ ಒಗ್ಗುವುದನ್ನು ಹಾಕುವುದೇ ಸರಿ ಎಂಬುದು ನನ್ನ ನಿಲುವು. ಪಿವಿಸಿ ಫೋಮ್ ಶೀಟು ನೀರಿಗೆ ಹೆದರುವುದಿಲ್ಲವಾದರೂ, ಬಿಸಿಲಿನಲ್ಲಿ ನಿಂತ ಕಾರಿನ ಶಾಖಕ್ಕೆ ಮೆತ್ತಗಾಗಿ ಕ್ಲಿಪ್ಪುಗಳ ನಡುವೆ ಅಲೆಅಲೆಯಾಗಿ ಬಾಗುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನು, ಸಿಗುವುದರಲ್ಲಿ ಅತ್ಯಂತ ತೆಳುವಾದದ್ದನ್ನು ತೆಗೆದುಕೊಳ್ಳಿ. ಹಳೆಯ ಬೋರ್ಡಿನ ಉಬ್ಬದ ಭಾಗದ ದಪ್ಪವನ್ನು ಮೊದಲು ಅಳೆದಿಟ್ಟುಕೊಳ್ಳಬೇಕು. ಹೊಸದು ಅದಕ್ಕಿಂತ ದಪ್ಪವಾದರೆ ಕ್ಲಿಪ್ಪು ಕೂರುವ ಜಾಗದಲ್ಲಿ ಮಾತ್ರ ಹಿಂದಿನಿಂದ ತುಸು ಕೆತ್ತಬೇಕಾಗುತ್ತದೆ. ಎಲ್ಲ ತೂತುಗಳನ್ನೂ ಕೊರೆದು, ಅಂಚುಗಳನ್ನು ಉಜ್ಜಿ ಮುಗಿಸಿದ ಮೇಲೆಯೇ ಎಪಾಕ್ಸಿ, ಅಂದರೆ ಗಟ್ಟಿಕಾರಕ ಬೆರೆಸಿ ಹಚ್ಚುವ ರೆಸಿನ್, ಬಳಿಯಬೇಕು. ನೀರು ಪ್ಲೈವುಡ್ಡಿನ ಮೈಯಿಂದ ಇಳಿಯುವುದಕ್ಕಿಂತ ಹೆಚ್ಚಾಗಿ ಅಂಚುಗಳಿಂದಲೂ ತೂತುಗಳ ಒಳಬದಿಯಿಂದಲೂ ಇಳಿಯುತ್ತದೆ, ಹಾಗಾಗಿ ಆ ಜಾಗಗಳಿಗೆ ಕುಂಚ ಹೆಚ್ಚು ಸಲ ಹೋಗಬೇಕು. ಎಪಾಕ್ಸಿ ಆರಿದ ಮೇಲೆ ಮೇಲ್ಮೈ ಮೇಣ ಸವರಿದಂತೆ ಜಿಡ್ಡಾಗಿದ್ದರೆ ಗಾಬರಿಯಾಗಬೇಡಿ. ಗಾಳಿಯ ತೇವಕ್ಕೆ ಗಟ್ಟಿಕಾರಕ ಪ್ರತಿಕ್ರಿಯಿಸಿದಾಗ ಹಾಗಾಗುತ್ತದೆ. ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಎಮರಿ ಪೇಪರಿನಿಂದ ತಿಕ್ಕಿದ ನಂತರವೇ ಮುಂದಿನ ಕೈ ಹಚ್ಚಬೇಕು. ತೊಳೆಯದೆ ಹಚ್ಚಿದ ಪದರವಾಗಲಿ ಅಂಟಾಗಲಿ ಎದ್ದುಬರುತ್ತದೆ.

ರೆಕ್ಸಿನ್ ಅಂಟಿಸಲು ಬಡಗಿಗಳ ಬಿಳಿ ಅಂಟು ಬೇಡ. ಸಿಂಥೆಟಿಕ್ ರಬ್ಬರಿನ ಅಂಟು, ಅಂದರೆ ಫೆವಿಕಾಲ್ ಎಸ್‌ಆರ್ 998ರಂಥದ್ದು, ಇದಕ್ಕೆ ಸರಿ. ಎರಡೂ ಮೈಗಳಿಗೆ ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಬೇಕು. ಇಲ್ಲಿಯೇ ನಮ್ಮ ಹವಾಮಾನ ಅಡ್ಡ ಬರುವುದು. ಅಂಟಿನೊಳಗಿನ ದ್ರಾವಕ ಆವಿಯಾಗುವಾಗ ಅಂಟಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಅಂಟು ತುಸು ಬಿಳಿಚಿಕೊಂಡಂತೆ ಕಂಡರೆ ಅದೇ ಕಾರಣ. ಅಂಥ ಜೋಡಣೆ ಮೊದಲ ಬೇಸಿಗೆಯಲ್ಲಿಯೇ ಬಿಡುತ್ತದೆ. ಆದ್ದರಿಂದ ಈ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ ಇಟ್ಟುಕೊಳ್ಳಿ. ಆ ತಿಂಗಳುಗಳಲ್ಲಿಯೂ ಬೆಳಗಿನ ಇಬ್ಬನಿ ಆರಿದ ಮೇಲೆ, ಮೂಡಣ ಗಾಳಿ ಬೀಸುತ್ತಿರುವಾಗ ಅಂಟು ಬಳಿದು, ಮಧ್ಯಾಹ್ನ ಸಮುದ್ರದ ಗಾಳಿ ಏಳುವ ಮೊದಲೇ ಜೋಡಿಸಿ ಮುಗಿಸುವುದು ಒಳ್ಳೆಯದು. ತೇವ ಅಳೆಯುವ ಸಣ್ಣ ಮೀಟರು ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಶೇಕಡಾ 65ಕ್ಕಿಂತ ಕೆಳಗೆ ತೋರಿಸುವ ಹೊತ್ತನ್ನು ಆರಿಸಿಕೊಳ್ಳಿ.

ಸ್ಟಿಯರಿಂಗ್ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರು ಬರೆಯಲಿ.

ಸೋಂದೆ ದಾರಿ (ಶಿರಸಿ) ಉತ್ತರ:

ಬೈತಖೋಲದವರು ಬಾಗಿಲಿನ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ಸ್ಟಿಯರಿಂಗ್, ಡ್ಯಾಶ್‌ಬೋರ್ಡ್ ಮತ್ತು ಸಣ್ಣ ಪ್ಲಾಸ್ಟಿಕ್ ಭಾಗಗಳ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಸ್ಟಿಯರಿಂಗ್ ಚಕ್ರದ ಒಳಗೆ ಉಕ್ಕಿನ ಬಳೆ ಇದ್ದು, ಅದರ ಸುತ್ತ ಗಟ್ಟಿ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ. ಆ ಎಳೆತಕ್ಕೆ ಕಡ್ಡಿಗಳ ಬಳಿ ಬಿರುಕು ಬಿಡುತ್ತದೆ. ಬಿರುಕಿನಿಂದ ಬೆವರೂ ಉಪ್ಪಿನ ಗಾಳಿಯೂ ಒಳಗೆ ಹೋಗಿ ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ನಿಮ್ಮ ಚಕ್ರದಲ್ಲಿ ಕಂದು ಬಣ್ಣ ಕಾಣುತ್ತಿದೆ ಎಂದಮೇಲೆ ಮೇಲಿನಿಂದ ಬರೀ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಪ್ರಯೋಜನವಿಲ್ಲ.

ಚಕ್ರವನ್ನು ಕಾರಿನಿಂದ ಬಿಚ್ಚಿಕೊಳ್ಳಿ. ಬಿಚ್ಚುವ ಮೊದಲು ಚಕ್ರಕ್ಕೂ ದಂಡಕ್ಕೂ ಗುರುತು ಹಾಕಿಕೊಂಡರೆ ಮತ್ತೆ ನೇರವಾಗಿ ಕೂರಿಸಬಹುದು. ಪ್ರತಿಯೊಂದು ಬಿರುಕನ್ನೂ ಸಣ್ಣ ಗರಗಸದ ಅಲಗಿನಿಂದಲೋ ಮೂರುಮೂಲೆ ಅರದಿಂದಲೋ ಉಕ್ಕು ಕಾಣುವವರೆಗೆ ಕೊರೆದು, ಮೇಲೆ ಅಗಲ ಕೆಳಗೆ ಕಿರಿದಾಗುವಂತೆ ಬಿಡಿಸಿರಿ. ಚೆನ್ನಾಗಿರುವ ಪ್ಲಾಸ್ಟಿಕ್ಕನ್ನು ಕೊರೆಯಲು ಮನಸ್ಸು ಒಪ್ಪದಿರಬಹುದು. ಆದರೆ ಕೂದಲೆಳೆಯಷ್ಟು ಸಣ್ಣ ಬಿರುಕಿನೊಳಕ್ಕೆ ಎಪಾಕ್ಸಿ ಇಳಿಯುವುದಿಲ್ಲ, ಇಳಿದರೂ ಜಿಡ್ಡಿನ ಮೇಲೆ ಹಿಡಿಯುವುದಿಲ್ಲ. ಕಾಣುವ ತುಕ್ಕನ್ನು ಕೆರೆದು, ಫಾಸ್ಫಾರಿಕ್ ಆಮ್ಲವಿರುವ ತುಕ್ಕು ನಿವಾರಕವನ್ನು ಹತ್ತಿಯ ಕಡ್ಡಿಯಿಂದ ಹಚ್ಚಿ, ಅದನ್ನು ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟನ್ನು ಅಂಚಿಗಿಂತ ತುಸು ಎತ್ತರಕ್ಕೆ ತುಂಬಿರಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಇಲ್ಲಿಗೆ ಬೇಡ. ಅದಕ್ಕೆ ಶಾಖ ಮತ್ತು ತೇವ ತಡೆಯುವ ಶಕ್ತಿ ಕಡಿಮೆ.

ಪೂರ್ತಿ ಗಟ್ಟಿಯಾಗಲು ಕನಿಷ್ಠ ಒಂದು ದಿನ ಬಿಟ್ಟು, 120ನೇ ನಂಬರಿನ ಎಮರಿ ಪೇಪರಿನಿಂದ ಆಕಾರಕ್ಕೆ ತಂದು, ಮುಂದೆ 240, 400, 600 ಹೀಗೆ ನುಣುಪಾಗಿಸುತ್ತ ಹೋಗಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಜೋಡಣೆಯ ಏರುತಗ್ಗು ತಿಳಿಯಬಾರದು. ನಂತರ ಪ್ಲಾಸ್ಟಿಕ್ ಪ್ರೈಮರ್, ಅದರ ಮೇಲೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಡಬ್ಬಿಯ ಬಣ್ಣ. ಕೈಬೆವರಿಗೆ ಸಾಮಾನ್ಯ ಸ್ಪ್ರೇ ಬಣ್ಣ ಅಂಟಂಟಾಗುತ್ತದೆ. ಎರಡು ಡಬ್ಬಿಯ ಬಣ್ಣದ ಗಟ್ಟಿಕಾರಕದ ಆವಿ ಶ್ವಾಸಕೋಶಕ್ಕೆ ಬಹಳ ಅಪಾಯಕಾರಿ. ಬಟ್ಟೆ ಕಟ್ಟಿಕೊಂಡರೆ ಸಾಲದು. ಸರಿಯಾದ ಬೂತ್ ಮತ್ತು ಮಾಸ್ಕ್ ಇರುವ ಪೇಂಟರಿಗೆ ಈ ಒಂದು ಕೆಲಸವನ್ನು ವಹಿಸುವುದೇ ಉತ್ತಮ.

ಡ್ಯಾಶ್‌ಬೋರ್ಡಿನ ಮೇಲೆ ಯಾರೋ ಹಾಕಿದ ಸ್ಪಂಜು ಮತ್ತು ರೆಕ್ಸಿನ್ನನ್ನು ಉಳಿಸುವ ಯೋಚನೆ ಬೇಡ. ಅದು ಮೂಲದ್ದಲ್ಲ, ಮತ್ತು ರೆಕ್ಸಿನ್ನಿನ ಪಿವಿಸಿಯನ್ನು ಮೆದುವಾಗಿರಿಸುವ ಎಣ್ಣೆಯಂಥ ಅಂಶ ಬಿಸಿಲಿಗೆ ಆವಿಯಾಗಿ ಹೋಗಿರುತ್ತದೆ. ನಿಂತ ಕಾರಿನಲ್ಲಿ ಮುಂಗಾಜಿನ ಕೆಳಗಿನ ಮೈ ಬೇಸಿಗೆಯಲ್ಲಿ 70 ಡಿಗ್ರಿ ದಾಟುತ್ತದೆ. ಹಾಗೆ ಸೆಟೆದ ರೆಕ್ಸಿನ್ನಿಗೆ ಮತ್ತೆ ಮೆದುತನ ತರುವ ಔಷಧ ಯಾವುದೂ ಇಲ್ಲ. ಕಿತ್ತು ತೆಗೆದಾಗ ಕೆಳಗಿನ ತಗಡನ್ನು ಗಮನವಿಟ್ಟು ನೋಡಿ. ಸ್ಪಂಜು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ತುಕ್ಕು ಇರಬಹುದು; ಮುಂಗಾಜಿನ ರಬ್ಬರಿನ ಕೆಳಮೂಲೆಗಳಿಂದ ನೀರು ಸೋರುತ್ತಿದ್ದರೆ ಅದೂ ಆಗಲೇ ತಿಳಿಯುತ್ತದೆ. ಹೊಸದಾಗಿ ಹೊದಿಸುವಾಗ ಕುಶನ್ನಿನ ಸಾಮಾನ್ಯ ಸ್ಪಂಜಿನ ಬದಲು ನೀರು ಹೀರದ ಇವಿಎ ಫೋಮಿನ ತೆಳು ಹಾಳೆ ಹಾಕಿಸಿ. ಸಾಮಾನ್ಯ ಸ್ಪಂಜು ತೇವ ಮತ್ತು ಶಾಖಕ್ಕೆ ಸಿಕ್ಕಿ ಕೆಲವು ವರ್ಷಗಳಲ್ಲಿ ಹಳದಿ ಪುಡಿಯಾಗುತ್ತದೆ. ರೆಕ್ಸಿನ್ ಹೊಳಪಿಲ್ಲದ ಕಪ್ಪು ಬಣ್ಣದ್ದೇ ಇರಲಿ; ಹೊಳೆಯುವುದು ಮುಂಗಾಜಿನಲ್ಲಿ ಪ್ರತಿಬಿಂಬಿಸಿ ಓಡಿಸುವವರ ಕಣ್ಣಿಗೆ ತೊಂದರೆ ಕೊಡುತ್ತದೆ. ಹೊದಿಸಿದ ಮೇಲೆ ತೆಂಗಿನೆಣ್ಣೆ, ಸಿಲಿಕೋನ್ ಪಾಲಿಶ್ ಮುಂತಾದವನ್ನು ಹಚ್ಚುವ ಅಭ್ಯಾಸ ನಮ್ಮ ಕಡೆ ಬಹಳ. ಎಣ್ಣೆ ಧೂಳನ್ನು ಹಿಡಿಯುತ್ತದೆ, ಕಮಟು ವಾಸನೆ ಬರಿಸುತ್ತದೆ, ಬೂಷ್ಟಿಗೆ ಆಹಾರವಾಗುತ್ತದೆ. ಸಿಲಿಕೋನ್ ಒಮ್ಮೆ ತಾಗಿದ ಜಾಗದಲ್ಲಿ ಮುಂದೆಂದಾದರೂ ಬಣ್ಣ ಹೊಡೆಯಬೇಕಾದರೆ ಬಣ್ಣ ಒಡೆದು ಕಣ್ಣುಕಣ್ಣಾಗಿ ನಿಲ್ಲುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು.

ಒಳದೀಪದ ಚೌಕಟ್ಟನ್ನು ಜೋಡಿಸುವ ಮೊದಲು ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕು. ಆ ಕಾಲದ ಭಾಗಗಳ ಹಿಂದೆ ಪ್ಲಾಸ್ಟಿಕ್ಕಿನ ಹೆಸರು ಅಚ್ಚಾಗಿರುವುದು ಅಪರೂಪ. ಮುರಿದ ಚೂರೊಂದನ್ನು ನೀರಿಗೆ ಹಾಕಿ: ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಜಾತಿಯದು, ಸಾಮಾನ್ಯ ಅಂಟುಗಳಾವುವೂ ಅದಕ್ಕೆ ಹಿಡಿಯುವುದಿಲ್ಲ. ಮುಳುಗಿದರೆ ಕಾಣದ ಬದಿಯಲ್ಲಿ ಅಸಿಟೋನ್ ತಾಗಿಸಿ ನೋಡಿ. ಮೈ ಕರಗಿ ಅಂಟಂಟಾದರೆ ಅದು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಇರುವ ಸಾಧ್ಯತೆ ಹೆಚ್ಚು. ಅದೇ ಬಗೆಯ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಮಾಡಿದ ಗಂಜಿಯನ್ನೇ ಬಿರುಕಿಗೆ ತುಂಬಿದರೆ ಬೆಸುಗೆ ಹಾಕಿದಂತೆ ಒಂದಾಗುತ್ತದೆ. ಚೌಕಟ್ಟಿನ ಒಂದು ಭಾಗವೇ ಕಳೆದುಹೋಗಿದ್ದರೆ, ನಮ್ಮ ಶಿರಸಿಯಲ್ಲಿಯೂ ನಿಮ್ಮ ಕುಮಟಾದಲ್ಲಿಯೂ ಗುಡಿಗಾರರ ಮನೆತನಗಳಿವೆ. ಉಳಿದ ಅರ್ಧವನ್ನು ತೋರಿಸಿದರೆ ಮರದಲ್ಲಿ ಇಡೀ ಮಾದರಿಯನ್ನು ಕೆತ್ತಿಕೊಡಬಲ್ಲ ಕೈಗಳು ಅವು. ಆ ಮಾದರಿಯಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು ರೆಸಿನ್ ಹೊಯ್ದರೆ ಹೊಸ ಚೌಕಟ್ಟು ಸಿದ್ಧ.

ಮುಂಬಯಿಯ ಹಳೆಯ ಬಿಡಿಭಾಗಗಳ ಬಗ್ಗೆಯೂ ಒಂದು ಮಾತು. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದವು. ಎಂಜಿನ್ ಮತ್ತು ತಗಡಿನ ಭಾಗಗಳಿಗೆ ಆ ಮೂಲ ಒಳ್ಳೆಯದೇ. ಒಳಹೊದಿಕೆಗೆ ಮಾತ್ರ ಅದನ್ನು ನಂಬಿ ಕೂರಬೇಡಿ, ಏಕೆಂದರೆ ಟ್ಯಾಕ್ಸಿಯವರು ಒಳಭಾಗವನ್ನು ತಮ್ಮ ಇಷ್ಟದಂತೆ ಬಣ್ಣಬಣ್ಣದ ಬಟ್ಟೆ ಮತ್ತು ರೆಕ್ಸಿನ್ನಿನಿಂದ ಮತ್ತೆ ಮತ್ತೆ ಹೊದಿಸಿಕೊಂಡಿದ್ದರು.

ಶರಾವತಿ ದಡ (ಹೊನ್ನಾವರ) ಕೇಳಿದ್ದು:

ಚರ್ಚೆಯ ನಡುವೆ ಬಂದುದಕ್ಕೆ ಕ್ಷಮೆಯಿರಲಿ, ಆದರೆ ವಿಷಯ ಇದೇ ಆದ್ದರಿಂದ ಕೇಳುತ್ತಿದ್ದೇನೆ. ನನ್ನ ಬಳಿ 2000ದ ದಶಕದ ಆರಂಭದ ಯುರೋಪಿನ ಕಂಪನಿಯ ಕಾರೊಂದಿದೆ. ಅದರ ಬಾಗಿಲಿನ ಹಿಡಿ ಮತ್ತು ಗುಂಡಿಗಳ ಸುತ್ತಲಿನ ಪ್ಲಾಸ್ಟಿಕ್ಕು ಮುಟ್ಟಿದರೆ ಬೆಲ್ಲದ ಪಾಕದಂತೆ ಕೈಗೆ ಅಂಟುತ್ತದೆ, ಉಗುರು ತಾಗಿದಲ್ಲಿ ಕಪ್ಪು ಪದರ ಕಿತ್ತುಬರುತ್ತದೆ. ಸೋಪಿನಿಂದ ತೊಳೆದರೂ ಹೋಗುವುದಿಲ್ಲ. ಪ್ಲಾಸ್ಟಿಕ್ಕೇ ಕರಗುತ್ತಿದೆಯೇ?

ಸೋಂದೆ ದಾರಿ (ಶಿರಸಿ) ಉತ್ತರ:

ಪ್ಲಾಸ್ಟಿಕ್ ಕರಗುತ್ತಿಲ್ಲ. ಮುಟ್ಟಲು ಮೃದುವಾಗಿರಲೆಂದು ಅದರ ಮೇಲೆ ಬಳಿದಿದ್ದ ಪಾಲಿಯುರೆಥೇನ್ ಲೇಪ ಗಾಳಿಯ ತೇವದಿಂದ ಒಡೆದು ಅಂಟಾಗಿದೆ. ತೇವ ಮತ್ತು ಶಾಖ ಎರಡೂ ಇರುವ ನಮ್ಮ ಕರಾವಳಿಯಲ್ಲಿ ಇದು ಬೇಗ ಆಗುತ್ತದೆ. ಆ ಲೇಪವನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ, ಪೂರ್ತಿ ತೆಗೆಯುವುದೊಂದೇ ದಾರಿ. ಭಾಗವನ್ನು ಬಿಚ್ಚಿಕೊಂಡು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹೊದಿಸಿಟ್ಟು, ಮೃದುವಾದ ಪ್ಲಾಸ್ಟಿಕ್ ತುಣುಕಿನಿಂದ ಕೆರೆಯುತ್ತ ಹೋಗಿ. ಅಸಿಟೋನ್ ಮತ್ತು ಥಿನ್ನರ್ ಬಳಸಬೇಡಿ, ಅವು ಕೆಳಗಿನ ಪ್ಲಾಸ್ಟಿಕ್ಕನ್ನೇ ತಿನ್ನಬಹುದು. ಗುಂಡಿಗಳ ಮೇಲೆ ಅಚ್ಚಾದ ಗುರುತುಗಳೂ ಲೇಪದ ಜೊತೆಗೆ ಹೋಗುವುದುಂಟು. ಅಂಥ ಗುಂಡಿಗಳನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇರಬಹುದಾದ್ದರಿಂದ ಸ್ಟಿಯರಿಂಗ್ ನಡುವಿನ ಮುಚ್ಚಳವನ್ನಾಗಲಿ ಎಡಗಡೆಯ ಡ್ಯಾಶ್‌ಬೋರ್ಡನ್ನಾಗಲಿ ಬಿಚ್ಚುವುದು, ಮೇಲೆ ರೆಕ್ಸಿನ್ ಹೊದಿಸುವುದು ಸರ್ವಥಾ ಕೂಡದು. ಪದ್ಮಿನಿಯವರಿಗೆ ಹೇಳಿದ ಮಾತುಗಳು ಆ ಜಾಗಕ್ಕೆ ಅನ್ವಯಿಸುವುದಿಲ್ಲ.

ಅಘನಾಶಿನಿ ತೀರ (ಕುಮಟಾ):

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಮುಂದಿನ ಎಡಬಾಗಿಲಿನ ಪ್ಯಾಡು ತೆಗೆದು ನೋಡಿದೆ. ಪಾಲಿಥೀನ್ ಹಾಳೆಯ ಗುರುತಾಗಿ ಅಂಚಿನಲ್ಲಿ ಒಣಗಿದ ಅಂಟು ಮಾತ್ರ ಉಳಿದಿದೆ. ಬಾಗಿಲ ಬುಡದ ಒಂದು ತೂತು ತೆರೆದಿದೆ, ಉಳಿದವು ಬಣ್ಣ ಮತ್ತು ಪುಟ್ಟಿಯಿಂದ ಮುಚ್ಚಿಹೋಗಿ ಒಳಗೆ ಕೆಸರು ನಿಂತಿತ್ತು. ಬೈತಖೋಲದವರು ನೋಡದೆಯೇ ಹೇಳಿದ್ದು ಅಕ್ಷರಶಃ ನಿಜವಾಗಿದೆ. ತೂತುಗಳನ್ನು ತೆರೆದು, ತೊಳೆದು, ಒಣಗಿಸಲು ಬಿಟ್ಟಿದ್ದೇನೆ. ಬೋರ್ಡು ಮತ್ತು ಅಂಟಿನ ಕೆಲಸವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳುತ್ತೇನೆ.

ಇನ್ನು ಮೂರು ಸಂದೇಹಗಳಿವೆ. ಪಾಲಿಥೀನ್ ಹಾಳೆಯನ್ನು ಯಾವುದರಿಂದ ಅಂಟಿಸಬೇಕು? ರೂಫ್ ಲೈನಿಂಗಿನ ಬೂಷ್ಟನ್ನು ಅದನ್ನು ಬಿಚ್ಚದೆಯೇ ತೆಗೆಯಬಹುದೇ? ಹಿಂದಿನ ಎರಡು ಪ್ಯಾಡುಗಳಲ್ಲಿ ಜೇಬಿನ ಹೊಲಿಗೆ ಬಿಟ್ಟಿದೆ. ಅದನ್ನು ಮತ್ತೆ ಹೊಲಿಸಲು ಯಾವ ದಾರ ಒಳ್ಳೆಯದು?

ಬೈತಖೋಲ (ಕಾರವಾರ) ಉತ್ತರ:

ಹಾಳೆಗೆ ಬ್ಯುಟೈಲ್ ಟೇಪು ಬಳಸಿ. ಅದು ಎಂದೂ ಪೂರ್ತಿ ಗಟ್ಟಿಯಾಗದೆ ಅಂಟಾಗಿಯೇ ಉಳಿಯುವುದರಿಂದ, ಮುಂದೆ ಲಾಕಿನ ಕೆಲಸ ಬಂದಾಗ ಹಾಳೆಯನ್ನು ಹರಿಯದೆ ಬಿಡಿಸಿ ಮತ್ತೆ ಒತ್ತಿಬಿಡಬಹುದು. ಹಾಳೆಯ ಕೆಳಅಂಚು ಪ್ಯಾಡಿನ ಕಡೆಗೆ ಇಳಿಬೀಳಬಾರದು; ಒಳಗಿನ ತಗಡಿನ ಕೆಳಗಿನ ಸೀಳಿನೊಳಕ್ಕೆ ಅದನ್ನು ತೂರಿಸಿ, ಹಾಳೆಯ ಮೇಲಿನಿಂದ ಜಾರಿದ ನೀರು ಬಾಗಿಲಿನ ಒಳಗೇ ಬೀಳುವಂತೆ ಮಾಡಬೇಕು. ಇದೊಂದು ತಪ್ಪಿದರೆ ಹಾಳೆ ಇದ್ದೂ ಪ್ಯಾಡು ನೆನೆಯುತ್ತದೆ. ತೂತುಗಳನ್ನು ತೆರೆದ ಜಾಗದಲ್ಲಿ ಬರಿಯ ತಗಡು ಕಾಣುತ್ತಿದ್ದರೆ ಅಲ್ಲಿಗೆ ಪ್ರೈಮರ್ ಮುಟ್ಟಿಸಲು ಮರೆಯಬೇಡಿ.

ರೂಫ್ ಲೈನಿಂಗನ್ನು ಬಿಚ್ಚಬೇಡಿ. ನಿಮ್ಮ ಕಾರಿನಲ್ಲಿ ಅದು ಅಡ್ಡಕ್ಕೆ ಇರುವ ತಂತಿಗಳ ಮೇಲೆ ಬಿಗಿದು ಕಟ್ಟಿದ್ದು. ಬಿಚ್ಚಿದರೆ ಅದೇ ಬಿಗಿಯಲ್ಲಿ ಮತ್ತೆ ಕೂರಿಸುವುದು ಬಹಳ ಕಷ್ಟ, ಹಳೆಯ ಅಂಚು ಎಳೆತಕ್ಕೆ ಹರಿಯುತ್ತದೆ. ಬಾಗ್ಲು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು, 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸಣ್ಣ ಸಣ್ಣ ಭಾಗವಾಗಿ ಒತ್ತಿ ಒರೆಸಿರಿ. ಬಟ್ಟೆಯನ್ನು ಆಗಾಗ ಬದಲಿಸಬೇಕು, ಹತ್ತಿರದಲ್ಲಿ ಬೆಂಕಿ ಇರಕೂಡದು. ಮೊದಲು ಸೂರ್ಯತಡೆಯ ಹಿಂದೆ, ಕಾಣದ ಜಾಗದಲ್ಲಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಬ್ಲೀಚು ಹಾಕಿದರೆ ಚುಕ್ಕೆ ಬೇಗ ಬೆಳ್ಳಗಾಗುತ್ತದೆಂಬುದು ನಿಜ, ಆದರೆ ಅದು ಹೊಲಿಗೆಯ ದಾರವನ್ನು ಕೊಳೆಸುತ್ತದೆ, ಮೇಲಿನ ತಂತಿಗಳಿಗೆ ತುಕ್ಕು ಹಿಡಿಸುತ್ತದೆ. ಕೆಲವು ಕಪ್ಪು ಚುಕ್ಕೆಗಳು ರೆಕ್ಸಿನ್ನಿನ ಒಳಕ್ಕೇ ಇಳಿದಿದ್ದು ಹೋಗದೆ ಉಳಿಯಬಹುದು. ಅವು ಕಲೆ ಮಾತ್ರ, ಹರಡುವುದಿಲ್ಲ.

ಜೇಬಿನ ಹೊಲಿಗೆಗೆ ಪಾಲಿಯೆಸ್ಟರ್ ದಾರವನ್ನೇ ಕೇಳಿ ತೆಗೆದುಕೊಳ್ಳಿ. ಹತ್ತಿಯ ದಾರ ನಮ್ಮ ತೇವಕ್ಕೆ ಕೊಳೆಯುತ್ತದೆ. ಯಂತ್ರದಲ್ಲಿ ಹೊಲಿದರೆ ಹಳೆಯ ತೂತುಗಳ ಪಕ್ಕದಲ್ಲಿ ಹೊಸ ತೂತುಗಳು ಬಿದ್ದು, ರೆಕ್ಸಿನ್ ಅಂಚೆಚೀಟಿಯ ಹಾಳೆಯಂತೆ ಆ ಗೆರೆಗುಂಟ ಹರಿಯುವ ಅಪಾಯವಿದೆ. ಆದ್ದರಿಂದ ಕುಶನ್ ಅಂಗಡಿಯವರಿಗೆ ಈ ಭಾಗವನ್ನು ಮೊಂಡು ಸೂಜಿಯಿಂದ, ಹಳೆಯ ತೂತುಗಳಲ್ಲಿಯೇ, ಕೈಯಿಂದ ಹೊಲಿಯಲು ಹೇಳಿ. ಅದಕ್ಕೆ ಅವರು ಹೆಚ್ಚು ಕೂಲಿ ಕೇಳಿದರೆ ಕೊಡುವುದು ನ್ಯಾಯವೇ. ಬೋರ್ಡಿಗೆ ರೆಕ್ಸಿನ್ ಅಂಟಿಸುವ ಮೊದಲೇ ಈ ಹೊಲಿಗೆ ಮುಗಿದಿರಬೇಕು.